ಮೊದಲನೆಯ ನಂಬರು

ಕೋಟಿನ ಎಡತೋಳು ಏರಲೊಲ್ಲದು. ಬಲತೋಳನ್ನು ಹೇಗೋ ತುರುಕಿ ಆಗಿತ್ತು. ಎಡಗೈ ಮಾತ್ರ ಮೊಣಕೈ ಹತ್ತಿರ ಸೆಟೆದು ನಿಂತು, ಬದುಕಿದ್ದಾಗ ಒಂದು ದಿನವೂ ತೋರಿಸದ ಹಟವನ್ನು ಈಗ ತೋರಿಸುತ್ತಿತ್ತು. ಶವಾಗಾರದವನು ಎರಡು ಸಲ ಎಳೆದು ನೋಡಿ ಕೈಬಿಟ್ಟ.

"ಮೇಲೆ ಹೊದಿಸಿಬಿಡೋಣಮ್ಮ. ಯಾರು ನೋಡ್ತಾರೆ?"

"ನಾನು ನೋಡ್ತೀನಿ. ಸ್ವಲ್ಪ ಸರೀರಿ ಆ ಕಡೆ."

ಅವಳು ಕೈಚೀಲದಿಂದ ಕತ್ತರಿ ತೆಗೆದಳು. ಮದುವೆಗೆ ಮುಂಚಿನಿಂದಲೂ ಊರವರ ಬಟ್ಟೆ ಹೊಲಿದವಳು. ಗಂಡನ ಹೆಣಕ್ಕೆ ಬಟ್ಟೆ ತೊಡಿಸಲು ಹೊರಟಾಗಲೂ ಕತ್ತರಿ ಮರೆತು ಬರುವವಳಲ್ಲ. ಇಬ್ಬರೂ ಸೇರಿ ಅವನನ್ನು ಮಗ್ಗುಲಿಗೆ ಹೊರಳಿಸಿದರು. ಅವಳು ಕಾಲರನ್ನೂ ಬಿಡದೆ ಕೆಳಗಿನ ಅಂಚಿನ ತನಕ ಕೋಟಿನ ಬೆನ್ನನ್ನು ಸೀಳಿದಳು. ಮಗಳ ಮದುವೆಗೆಂದು ತಾನೇ ಕೂತು ಹೊಲಿದ ಕೋಟು ಅದು. ಹೊಲಿಯಲು ಮೂರು ದಿನ ಹಿಡಿದಿತ್ತು, ಸೀಳಲು ಮೂರು ನಿಮಿಷವೂ ಬೇಕಾಗಲಿಲ್ಲ. ಎಡಭಾಗವನ್ನು ಬಿಡಿಯಾಗಿ ತೊಡಿಸಿ, ಅಂಚುಗಳನ್ನು ಬೆನ್ನಿನ ಅಡಿಗೆ ತಳ್ಳಿ, ಮುಂದೆ ಗುಂಡಿ ಹಾಕಿದಳು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

"ಭಾರಿ ಕೈ ನಿಮ್ಮದು" ಎಂದ ಶವಾಗಾರದವನು.

ಬಾಗಿಲಲ್ಲಿ ಮಗಳು ಇಣುಕಿದಳು. ಬೇರೆ ಊರಿನಿಂದ ಶುಕ್ರವಾರ ಸಂಜೆ ಓಡಿ ಬಂದವಳು, ಅಂದಿನಿಂದ ಒಂದೇ ಸಮನೆ ಫೋನು, ಅರ್ಜಿ, ಸಹಿ ಎಂದು ಓಡಾಡುತ್ತಲೇ ಇದ್ದಳು. "ಅಮ್ಮಾ, ಆಯ್ತಾ? ಅಪ್ಪನ ಆಫೀಸಿನವರೆಲ್ಲ ಬಂದು ಕೂತಿದಾರೆ. ಡೈರೆಕ್ಟ್ರೂ ಬಂದಿದಾರೆ."

"ಪಾಚಿ ಬಂದ್ಲಾ?"

"ಇಲ್ಲ, ಅವಳೊಬ್ಬಳು ಕಾಣಿಸ್ಲಿಲ್ಲ."

ಸತ್ತವನು ಕಡಲ ಸಂಶೋಧನಾ ಸಂಸ್ಥೆಯಲ್ಲಿ ಮೂವತ್ತೊಂದು ವರ್ಷ ಕೋಲ್ಡ್ ರೂಮು ನೋಡಿಕೊಂಡವನು. ಹುದ್ದೆಗೊಂದು ಉದ್ದನೆಯ ಹೆಸರಿತ್ತು, ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣಿಸಿಕೊಂಡದ್ದಿಲ್ಲ. ನಿರ್ದೇಶಕರಿಂದ ಹಿಡಿದು ಕಸ ಗುಡಿಸುವವಳ ತನಕ ಎಲ್ಲರಿಗೂ ಅವನು ಫ್ರೀಜರಣ್ಣ. ಪಾಚಿ ಎಂದರೆ ಅವನು ಕೈಹಿಡಿದು ಕೆಲಸ ಕಲಿಸಿದ ಹುಡುಗಿ, ಈಗ ಸಂಸ್ಥೆಯಲ್ಲೇ ವಿಜ್ಞಾನಿ. ಮಂಜುಗಡ್ಡೆಗೆ ಅಂಟಿಕೊಂಡು ಬೆಳೆಯುವ ಪಾಚಿಯ ಮೇಲೆ ಓದಿದ್ದರಿಂದ ಆ ಅಡ್ಡಹೆಸರು, ಇಟ್ಟವನೂ ಅವನೇ. ಅವಳು ಅವನನ್ನು ಅಣ್ಣ ಎನ್ನುತ್ತಿದ್ದಳು, ಅವನ ಹೆಂಡತಿಯನ್ನು ಅತ್ತಿಗೆ. ಅಂಥವಳು ಇವತ್ತು ಎಲ್ಲರಿಗಿಂತ ಮೊದಲು ಬಂದು ನಿಂತಿರಬೇಕಿತ್ತು.

*

ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಅವನು ಹೆಗಲ ಮೇಲೆ ದಪ್ಪನೆಯ ಕಪ್ಪು ಬಟ್ಟೆಯ ಸುರುಳಿ ಹೊತ್ತು ಬಂದ. ತನಗೇ ಏನೋ ತಂದನೆಂದು ಹೊಸ ಹೆಂಡತಿ ಮುಖ ಅರಳಿಸಿದಳು.

"ಇದರಲ್ಲಿ ಚೀಲ ಹೊಲಿದುಕೊಡ್ತೀಯಾ? ಒಂದು ಮಾರು ಉದ್ದ, ತೋಳಿನಷ್ಟು ಅಗಲ. ಒಳಗೆ ಒಂದು ಎಳೆ ಬೆಳಕೂ ಹೋಗಬಾರದು."

"ಯಾರಿಗೆ, ಹಾವಿಗಾ?"

"ಐಸಿಗೆ" ಎಂದ ಅವನು, ತಮಾಷೆಯೇ ಇಲ್ಲದ ಮುಖದಲ್ಲಿ.

ಬಟ್ಟೆ ತೊಳೆಯುವ ಬೋಗುಣಿಯಲ್ಲಿ ನೀರು ತುಂಬಿ, ಮೇಲೊಂದು ತಟ್ಟೆ ತೇಲಿಸಿ, ಅವಳನ್ನು ಎದುರಿಗೆ ಕೂರಿಸಿಕೊಂಡ. ಭೂಮಿಯ ತುತ್ತತುದಿಯ ಕಡಲುಗಳ ಮೇಲೆ ಹೀಗೊಂದು ಮುಚ್ಚಳವಿದೆ. ಅದರ ಅಡಿಗೆ ಏನೂ ಇಲ್ಲ, ಬರೀ ಚಳಿ, ಬರೀ ಕತ್ತಲೆ ಎಂದು ಎಲ್ಲರೂ ತಿಳಿದಿದ್ದಾರೆ. ಅವನು ತಟ್ಟೆಯ ಅಡಿಭಾಗಕ್ಕೆ ಬೆರಳು ಒರೆಸಿ ತೋರಿಸಿದ. "ಇಲ್ಲಿ, ತಲೆಕೆಳಗಾಗಿ, ಕಂದು ಬಣ್ಣದ ಪಾಚಿ ಬೆಳೆಯುತ್ತೆ. ಐಸಿನ ಮೂಲಕ ಸೋಸಿ ಬರೋ ಚೂರು ಬೆಳಕೇ ಅದಕ್ಕೆ ಸಾಕು. ಅದನ್ನ ಮೇಯೋಕೆ ಸಣ್ಣ ಹುಳ ಬರುತ್ತೆ, ಹುಳ ತಿನ್ನೋಕೆ ಮೀನು. ಯಾರೂ ತಿನ್ನದೆ ಉಳಿದದ್ದು ಐಸ್ ಕರಗಿದಾಗ ಮೆಲ್ಲಗೆ ತಳಕ್ಕೆ ಇಳಿಯುತ್ತೆ."

"ಇಳೀಲಿ. ಅದರಿಂದ ನಿಮಗೇನು?"

"ಗಾಳೀಲಿರೋ ಇಂಗಾಲ ನೀರಿಗಿಳಿದು ಆ ಪಾಚಿ ಒಳಗೆ ಸೇರಿರುತ್ತೆ ಕಣೇ. ಪಾಚಿ ತಳ ಸೇರಿದ್ರೆ ಅದೂ ತಳ ಸೇರ್ತು, ನೂರಾರು ವರ್ಷ ಮೇಲೆ ಬರಲ್ಲ. ನಡುವೆ ಯಾರಾದ್ರೂ ತಿಂದ್ರೆ, ಇಲ್ಲ ಕೊಳೆತುಹೋದ್ರೆ, ಉಸಿರಾಗಿ ವಾಪಸ್ ಮೇಲಕ್ಕೆ. ಎಷ್ಟು ಕೆಳಗೆ ಹೋಯ್ತು, ಎಷ್ಟು ವಾಪಸ್ ಬಂತು, ಇದೇ ನಮ್ಮೋರ ತಲೆನೋವು."

ಹಡಗಿನವರು ಮಂಜುಗಡ್ಡೆಯನ್ನು ಕೊರೆದು ಕಂಬಗಳನ್ನಾಗಿ ತೆಗೆದು ಕಳಿಸುತ್ತಿದ್ದರು. ಒಂದೊಂದು ಕಂಬದ ತಳದಲ್ಲೂ ನಾಲ್ಕು ಬೆರಳಿನಷ್ಟು ಕಂದು ಪಟ್ಟಿ. ಅರ್ಧ ಕಂಬವನ್ನು ಕತ್ತಲೆಯಲ್ಲಿ ನಿಧಾನವಾಗಿ ಕರಗಿಸಿ ಅಳೆಯುವುದು. ಕತ್ತಲೆಯಲ್ಲಿ ಬೆಳೆದ ಜೀವಕ್ಕೆ ಒಮ್ಮೆಗೇ ಬೆಳಕು ಬಿದ್ದರೆ ತಡೆಯುವುದಿಲ್ಲವಂತೆ, ಅದಕ್ಕೇ ಕಪ್ಪು ಚೀಲ. ಉಳಿದರ್ಧವನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ಹಾಕಿ, ಬಾಯಿ ಬಿಗಿದು, ಚೀಟಿ ಅಂಟಿಸಿ ಕೋಲ್ಡ್ ರೂಮಿನಲ್ಲಿ ಇಡುವುದು.

"ಉಳಿದದ್ದು ಯಾಕೆ ಇಡ್ತೀರಿ?"

"ನಮಗೆ ಇವತ್ತು ಕೇಳೋಕೂ ಗೊತ್ತಿಲ್ಲದ ಪ್ರಶ್ನೇನ ನಾಳೆ ಯಾರೋ ಬಂದು ಕೇಳ್ತಾರೆ. ಅವರಿಗೆ ಬೇಕಲ್ಲ?"

ಆ ಯಾರೋ ಒಬ್ಬರಿಗಾಗಿ ಅವನು ಮೂವತ್ತೊಂದು ವರ್ಷ ಕಾವಲು ಕೂತ. ಆ ಕಡಲನ್ನು ಕಣ್ಣಾರೆ ಕಂಡವನೂ ಅಲ್ಲ. ಹೊಳೆ ದಾಟಿಸುವ ದೋಣಿಯಲ್ಲೇ ವಾಂತಿ ಮಾಡಿಕೊಳ್ಳುವ ಗಿರಾಕಿ. ಆದರೂ ಮನೆಯಲ್ಲಿ ಆ ಕಡಲಿನ ಮಾತಿಲ್ಲದೆ ತುತ್ತು ಇಳಿಯುತ್ತಿರಲಿಲ್ಲ. ವರ್ಷ ಹೋದಂತೆ ಹಡಗಿನವರು ತರುವ ಕಂಬಗಳು ಗಿಡ್ಡವಾದವು, ಮೊದಮೊದಲು ಕೊರೆದ ಜಾಗಗಳಲ್ಲಿ ಬೇಸಿಗೆಗೆ ಮಂಜುಗಡ್ಡೆಯೇ ಇಲ್ಲವಾಯಿತು. "ಇವನ್ನ ಮತ್ತೆ ತರೋಣ ಅಂದ್ರೆ ಆ ಐಸು ಇನ್ನು ಎಲ್ಲೂ ಇಲ್ಲ" ಎನ್ನುತ್ತಿದ್ದ. ಒಟ್ಟು ನಾನೂರ ಹನ್ನೆರಡು. ಮಗಳ ವಯಸ್ಸನ್ನು ಒಂದೆರಡು ವರ್ಷ ಹೆಚ್ಚುಕಡಿಮೆ ಹೇಳಿಯಾನು, ಇದರಲ್ಲಿ ಮಾತ್ರ ಒಂದೂ ತಪ್ಪುತ್ತಿರಲಿಲ್ಲ.

ಆಮೇಲೆ ಆ ಅಲಾರಂ ಯಂತ್ರ ಬಂತು. ಕೋಣೆಯ ಚಳಿ ಕಡಿಮೆಯಾದರೆ ಅದು ತಾನಾಗಿ ಅವನಿಗೆ ಫೋನು ಮಾಡುತ್ತಿತ್ತು. ಊಟದ ನಡುವೆ ಬಂತು, ಸಿನಿಮಾದ ನಡುವೆ ಬಂತು, ಶಾಲೆಯಲ್ಲಿ ಮಗಳು ಬಹುಮಾನ ತೆಗೆದುಕೊಳ್ಳಲು ಮೆಟ್ಟಿಲು ಹತ್ತುವಾಗಲೂ ಬಂತು. ಪ್ರತಿ ಸಲವೂ ಎದ್ದು ಹೋದ. ಅವನು ಸ್ನಾನಕ್ಕೆ ಇಳಿದಿದ್ದರೆ ಎತ್ತುವ ಕೆಲಸ ಅವಳದು. "ಎತ್ತಿ ಒಂದರ ಗುಂಡಿ ಒತ್ತು. ನಾನು ಬರ್ತಿದೀನಿ ಅಂತ ಅದಕ್ಕೆ ಗೊತ್ತಾಗುತ್ತೆ, ಸುಮ್ಮನಾಗುತ್ತೆ" ಎಂದು ಬಚ್ಚಲಿನಿಂದಲೇ ಕೂಗುತ್ತಿದ್ದ. ಅವಳು ಒಂದು ಒತ್ತುವಷ್ಟರಲ್ಲಿ ತಲೆ ಒರೆಸುತ್ತ ಹೊರಗೆ ಬಂದಿರುತ್ತಿದ್ದ.

"ನಾನು ಸತ್ತ ದಿನಾನೂ ಆ ಫೋನ್ ಬಂದ್ರೆ ನೀವು ಎದ್ದು ಹೋಗೋರೇ" ಎಂದು ಒಮ್ಮೆ ರೇಗಿದ್ದಳು.

"ಹದಿನೆಂಟು ನಿಮಿಷದ ದಾರಿ ಕಣೇ. ಹೋಗಿ ಬಂದುಬಿಡ್ತೀನಿ" ಎಂದು ನಕ್ಕಿದ್ದ. ಅವಳಿಗೆ ನಗು ಬಂದಿರಲಿಲ್ಲ.

*

ಚಿತಾಗಾರದ ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಅರ್ಧ ತುಂಬಿದ್ದವು. ಎದುರುಮನೆಯ ಬಸ್ ಡ್ರೈವರ್, ಇಂಥ ಕಡೆ ಬಾಯಿ ಮುಚ್ಚಿಕೊಂಡು ಕೂರಲು ಬಾರದವನು, ಪಕ್ಕದವನಿಗೆ ಹೇಳುತ್ತಿದ್ದ: "ಮೂವತ್ತು ವರ್ಷ ಚಳೀಲಿ ನಿಂತ ಮನುಷ್ಯ. ಕೊನೆಗೆ ಬೆಚ್ಚಗಿರೋ ಜಾಗಕ್ಕೇ ಬಂದ ನೋಡಿ." ಹೇಳಿದ ಮೇಲೆ ತಾನೇ ಕರ್ಚೀಫು ತೆಗೆದು ಕಣ್ಣು ಒತ್ತಿಕೊಂಡ.

ಗುಮಾಸ್ತ ಬಂದು, ನಿಯಮದಂತೆ, ಮರಣಪತ್ರವನ್ನು ಎಲ್ಲರಿಗೂ ಕೇಳುವಂತೆ ಓದಿದ. ಹೆಸರು, ವಯಸ್ಸು ಐವತ್ತೆಂಟು, ಕಾರಣ ಹೃದಯಾಘಾತ, ಸಾವಿನ ಹೊತ್ತು ಶುಕ್ರವಾರ ಸಂಜೆ ಐದು ಗಂಟೆ ಹತ್ತು ನಿಮಿಷ. "ಎಲ್ಲ ಸರಿ ಇದೆಯಾ?" ಎಂದು ಕೇಳಿದ. ಮಗಳು ಸರಿ ಎಂದು ಸಹಿ ಹಾಕಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಪಾಚಿ ಕಾಣಿಸಿದಳು. ಕೈಯಲ್ಲಿ ಅವನು ಕೋಲ್ಡ್ ರೂಮಿಗೆ ಹಾಕಿಕೊಳ್ಳುತ್ತಿದ್ದ ದಪ್ಪ ಜಾಕೆಟ್ಟು. ಅವಳ ಬೂಟುಗಳು ತೊಯ್ದು ತೊಪ್ಪೆಯಾಗಿದ್ದವು. ನಡೆದಲ್ಲೆಲ್ಲ ನೆಲದ ಮೇಲೆ ಒದ್ದೆ ಗುರುತು. ಹೆಣದ ಹತ್ತಿರ ಬರಲಿಲ್ಲ, ಗೋಡೆಗೆ ಒರಗಿ ನಿಂತಳು. ಮುಖದಲ್ಲಿ ಅಳುವಿಗಿಂತ ಸಿಟ್ಟು ಹೆಚ್ಚಿದ್ದಂತೆ ಕಂಡಿತು. ಅತ್ತಿಗೆಯೇ ಎದ್ದು ಅವಳ ಹತ್ತಿರ ಹೋದಳು.

"ಯಾಕಮ್ಮ ಇಷ್ಟು ತಡ?"

"ಅಣ್ಣನ ಜೊತೆ ಈ ಜಾಕೆಟ್ ಕಳಿಸೋಣ ಅಂತ ತರೋಕೆ ಹೋದೆ ಅತ್ತಿಗೆ. ಬಾಗಿಲು ತೆಗೆದ್ರೆ ಒಳಗಿಂದ ನೀರು ಬಂತು." ಪಾಚಿ ತನ್ನ ಬೂಟು ತೋರಿಸಿದಳು. "ಕೋಲ್ಡ್ ರೂಮ್ ಹೋಯ್ತು. ಶುಕ್ರವಾರಾನೇ ಕಂಪ್ರೆಸರ್ ನಿಂತಿದೆ. ಶನಿವಾರ, ಭಾನುವಾರ ಯಾರೂ ಆ ಕಡೆ ಹೋಗಿಲ್ಲ. ನಾನೂರ ಹನ್ನೆರಡೂ ನೀರು."

"ಅಲಾರಂ ಇತ್ತಲ್ಲ?"

"ಹೊಡ್ಕೊಂಡಿದೆ. ನಾಲ್ಕು ಇಪ್ಪತ್ತಕ್ಕೆ ಅಣ್ಣನ ಫೋನಿಗೆ ಹೋಗಿದೆ. ಎತ್ತಿದಾರೆ. ಒಂದು ಒತ್ತಿದಾರೆ. ಮಶೀನಲ್ಲಿ ಬರೆದಿದೆ, ನೋಡಿ ಬಂದೆ." ಪಾಚಿ ಜಾಕೆಟ್ಟನ್ನು ಹಿಂಡುತ್ತಿದ್ದಳು. "ಎತ್ತದೇ ಇದ್ದಿದ್ರೆ ಎರಡನೇ ನಂಬರು ನಂದು, ನನಗೆ ಬರ್ತಿತ್ತು. ಒಂದು ಒತ್ತಿಬಿಟ್ರೆ ಯಾರೋ ಹೊರಟಿದಾರೆ ಅಂತ ಅದು ತೆಪ್ಪಗಾಗುತ್ತೆ, ಕೋಣೆಗೆ ಬಂದು ಗುಂಡಿ ಒತ್ತೋ ತನಕ ಮತ್ತೆ ಬಾಯಿ ಬಿಡಲ್ಲ. ಅಣ್ಣನೇ ಹಾಗೆ ಮಾಡಿಸಿದ್ದು, ಸುಮ್ಮನೆ ಇನ್ನೊಬ್ಬರಿಗೆ ಯಾಕೆ ತೊಂದರೆ ಅಂತ. ಆಸ್ಪತ್ರೇಲಿ ಮಲಗಿದ್ರು, ಬರೋಕಾಗಲ್ಲ, ಒಪ್ಕೋತೀನಿ. ಹಾಗಾದ್ರೆ ಒತ್ತಬಾರದಿತ್ತಲ್ಲ ಅತ್ತಿಗೆ? ನನಗೊಂದು ಮಾತು ಹೇಳಿಸಬಾರದಿತ್ತಾ? ಐಸ್ ಅಳೆಯೋ ಹೊಸ ಮಶೀನು ಮುಂದಿನ ತಿಂಗಳು ಬರೋದಿತ್ತು. ಅಷ್ಟನ್ನೂ ಮತ್ತೆ ಅಳೆಯೋದಿತ್ತು. ಮೂರು ವರ್ಷದಿಂದ ಕಾದಿದ್ದೆ."

ಅತ್ತಿಗೆ ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು.

*

ಶುಕ್ರವಾರ ಮಧ್ಯಾಹ್ನ ಆಸ್ಪತ್ರೆಯ ಆ ಕೋಣೆಯಲ್ಲಿ ಅವರಿಬ್ಬರೇ ಇದ್ದರು. ಅವನು ಕಣ್ಣು ಮುಚ್ಚಿ ನಿಧಾನವಾಗಿ ಉಸಿರಾಡುತ್ತಿದ್ದ, ಅವಳು ಕೈ ಹಿಡಿದು ಕೂತಿದ್ದಳು. ಒಂದು ಉಸಿರು ಹೋಯಿತು, ಮುಂದಿನದು ಬರಲಿಲ್ಲ. ಅವಳು ಕಾದಳು. ನರ್ಸು ಬಂದು ನೋಡಿ, ಕತ್ತು ಮುಟ್ಟಿ, "ಡಾಕ್ಟರನ್ನ ಕರೀತೀನಮ್ಮ" ಎಂದು ಹೋದಳು. ಇನ್ನೊಂದು ವಾರ್ಡಿನಲ್ಲಿ ಏನೋ ಅವಸರ, ಡಾಕ್ಟರು ಬರಲಿಲ್ಲ.

ಅಷ್ಟು ಹೊತ್ತು ಅವನು ಅವಳೊಬ್ಬಳ ಪಾಲಿಗೆ ಉಳಿದಿದ್ದ. ಸಂಸ್ಥೆ ಇಲ್ಲ, ಹಡಗಿಲ್ಲ, ಕಂಬಗಳಿಲ್ಲ. ಅವಳು ಅವನ ಕೆನ್ನೆಯ ಮೇಲೆ ಕೈ ಇಟ್ಟಳು. ಆಗ ಮಂಚದ ಪಕ್ಕದ ಮೇಜಿನ ಮೇಲೆ ಫೋನು ಬಡಿದುಕೊಂಡಿತು. ಯಾರದೆಂದು ನೋಡಬೇಕಾಗಿರಲಿಲ್ಲ. ಆ ಯಂತ್ರಕ್ಕೆ ಅವನು ಬೇರೆಯೇ ಸದ್ದು ಇಟ್ಟಿದ್ದ.

ಆಗ ಅವಳಿಗೆ ದುಃಖದ ನಡುವೆ ಒಂದು ಕೆಟ್ಟ ಸಂತೋಷವಾಯಿತು. ಬಡ್ಕೋ, ಈ ಸಲ ಇವರು ಏಳಲ್ಲ, ಎಂದುಕೊಂಡಳು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಗೆದ್ದಿದ್ದಳು. ಅದರ ಬಾಯಿ ಮುಚ್ಚಿಸಬೇಕು, ಅಷ್ಟೇ. ಮುಚ್ಚಿಸುವುದು ಹೇಗೆಂದು ಕೈಗೆ ಗೊತ್ತಿತ್ತು. ಎತ್ತಿದಳು, ಒಂದು ಒತ್ತಿದಳು, ಮೇಜಿನ ಮೇಲೆ ಬೋರಲು ಇಟ್ಟಳು. ಅದು ಅವಳ ಮಾತನ್ನು ನಂಬಿ ಸುಮ್ಮನಾಯಿತು.

ಡಾಕ್ಟರು ಬಂದಾಗ ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು. ಎರಡು ನಿಮಿಷ ನೋಡಿದರು, ಕೈಗಡಿಯಾರ ನೋಡಿಕೊಂಡರು, ಬರೆದುಕೊಂಡರು.

*

ಅವಳು ಮಗಳನ್ನು ಪಡಸಾಲೆಯ ಮೂಲೆಗೆ ಎಳೆದು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಮಗಳು ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದಳು.

"ಯಾರಿಗಾದ್ರೂ ಹೇಳಿದೀಯಾ?"

"ಇನ್ನೂ ಇಲ್ಲ. ಪಾಚಿಗೆ ಹೇಳ್ಬೇಕು. ನಿಮ್ಮಪ್ಪನ್ನ ಬೈಕೊಳ್ತಿದಾಳೆ ಕಣೇ ಅವಳು."

"ಬೈಕೊಳ್ಲಿ ಬಿಡು." ಮಗಳು ತಾಯಿಯ ಎರಡೂ ಕೈ ಹಿಡಿದಳು. "ಅಪ್ಪನಿಗೆ ಇನ್ನು ಯಾರು ಏನಂದ್ರೂ ತಗಲಲ್ಲ. ನಿನಗೆ ತಗಲುತ್ತೆ. ನೀನು ಇದೇ ಬೀದೀಲಿ, ಈ ಜನರ ಮಧ್ಯೆ ಇರಬೇಕು. ಬಾಯಿ ಬಿಡ್ಬೇಡ ಅಮ್ಮಾ, ನನ್ನಾಣೆ."

"ಒಂದು ಸಲಾನೂ ತಪ್ಪಿಸ್ದೋರಲ್ಲ ಕಣೇ ಅವರು."

"ಗೊತ್ತು. ನನಗೂ ಗೊತ್ತು, ನಿನಗೂ ಗೊತ್ತು. ಸಾಕು."

ಅಷ್ಟರಲ್ಲಿ ಪಾಚಿ ತಂದ ಸುದ್ದಿ ಕುರ್ಚಿಯಿಂದ ಕುರ್ಚಿಗೆ ಹರಿದಿತ್ತು. ಒಳಗೆ ನಿರ್ದೇಶಕರು ಮಾತಾಡಲು ಎದ್ದಿದ್ದರು. ಒಳ್ಳೆಯ ಮನುಷ್ಯ, ಗುಂಗುರು ಕೂದಲು, ಕೈಯಲ್ಲಿ ಮಡಿಸಿದ ಕಾಗದ. ಶನಿವಾರವೇ ಅವಳಿಗೆ ಫೋನು ಮಾಡಿ, ಕೋಲ್ಡ್ ರೂಮಿಗೆ ಅವರ ಹೆಸರಿಡಬೇಕೆಂದಿದ್ದೇವೆ, ಸೋಮವಾರ ಎಲ್ಲರ ಮುಂದೆ ಹೇಳುತ್ತೇನೆ ಎಂದಿದ್ದರು. ಅವನ ಹೆಸರು ಯಾವ ಪುಸ್ತಕದಲ್ಲೂ ಯಾವ ವರದಿಯಲ್ಲೂ ಬಂದದ್ದಲ್ಲ. ಒಂದು ಬಾಗಿಲ ಮೇಲಾದರೂ ಬರುತ್ತದಲ್ಲ ಎಂದು ಅವಳು ಎರಡು ದಿನ ಅದೊಂದನ್ನೇ ನೆನೆದುಕೊಂಡು ಅತ್ತಿದ್ದಳು.

ನಿರ್ದೇಶಕರು ಅವನ ಶಿಸ್ತಿನ ಬಗ್ಗೆ ಹೇಳಿದರು, ನಗುಮುಖದ ಬಗ್ಗೆ ಹೇಳಿದರು. ಕಾಗದದ ಕೆಳಭಾಗಕ್ಕೆ ಬಂದವರು ತಡೆದರು. ಕೆಮ್ಮಿ, ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡರು. "ಮನುಷ್ಯ ಅಂದಮೇಲೆ ಕೊನೇ ಗಳಿಗೇಲಿ ಏನಾದ್ರೂ ಆಗುತ್ತೆ. ಅದರಿಂದ ಅವರ ಸೇವೆ ಸಣ್ಣದಾಗಲ್ಲ" ಎಂದು ಕೂತುಬಿಟ್ಟರು.

ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. "ಫೋನ್ ಎತ್ತಿ ಸುಮ್ಮನಾಗಿಬಿಟ್ರಂತೆ, ಪಾಪ." "ಅಷ್ಟು ವರ್ಷ ಮಾಡಿದ್ದೆಲ್ಲ ಒಂದೇ ದಿನಕ್ಕೆ ಹೋಯ್ತು ನೋಡಿ."

ಮಗಳ ಕೈ ಮಣಿಕಟ್ಟಿನ ಮೇಲೆ ಬಿಗಿಯಾಗುವಷ್ಟರಲ್ಲಿ ಅವಳು ಎದ್ದು ನಿಂತಿದ್ದಳು.

"ಅವರಲ್ಲ. ನಾನು." ದನಿ ತಾನೆಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. "ಫೋನ್ ಎತ್ತಿದ್ದು ನಾನು. ಒಂದು ಒತ್ತಿದ್ದು ನಾನು. ಅಷ್ಟೊತ್ತಿಗೆ ಅವರು ಹೋಗಿ ಅರ್ಧ ಗಂಟೆ ಆಗಿತ್ತು. ಅವರು ಬದುಕಿದ್ರೆ ಮಂಚ ಹೊತ್ಕೊಂಡಾದ್ರೂ ಬರ್ತಿದ್ರು."

ಅವಳು ಬೈಗುಳಕ್ಕೆ ಸಿದ್ಧಳಾಗಿ ನಿಂತಳು. ಬೈದಿದ್ದರೆ ಒಳ್ಳೆಯದಿತ್ತು. ನಿರ್ದೇಶಕರು ಎದ್ದು ಬಂದು, ಒದ್ದೆ ಕಣ್ಣಿನಿಂದ ಅವಳೆದುರು ನಿಂತರು.

"ಅಮ್ಮಾ, ಇದನ್ನ ನಿಮ್ಮ ಮೇಲೆ ಎಳ್ಕೋಬೇಡಿ. ಅವರನ್ನ ಯಾರೂ ತಪ್ಪು ತಿಳ್ಕೊಂಡಿಲ್ಲ."

"ತಿಳ್ಕೊಂಡಿದೀರಿ. ಅದಕ್ಕೇ ಹೇಳ್ತಿದೀನಿ."

"ಫೋನ್ ಬಂದಿದ್ದು ನಾಲ್ಕು ಇಪ್ಪತ್ತಕ್ಕೆ. ಪತ್ರದಲ್ಲಿ ಐದು ಹತ್ತು ಅಂತ ಇದೆಯಲ್ಲಮ್ಮ."

"ಅದು ಡಾಕ್ಟರು ಬಂದ ಹೊತ್ತು! ಅವರು ಹೋಗಿದ್ದು ಅದಕ್ಕೆ ಮುಂಚೆ."

"ಗಡಿಯಾರ ನೋಡಿದ್ರಾ?"

ಅವಳು ಗಡಿಯಾರ ನೋಡಿರಲಿಲ್ಲ. ಗಂಡ ಸಾಯುವಾಗ ಯಾರು ಗಡಿಯಾರ ನೋಡುತ್ತಾರೆ? "ಬಿಸಿಲು..." ಎಂದಳು. "ಬಿಸಿಲು ಇನ್ನೂ ಮಂಚದ ಕಾಲಿನ ಹತ್ತಿರ ಇತ್ತು." ಹೇಳುತ್ತಿದ್ದಂತೆ ಅದು ತನಗೇ ಸುಳ್ಳು ಹೇಳುವವರ ಮಾತಿನಂತೆ ಕೇಳಿಸಿತು. ಮಗಳ ಕಡೆ ನೋಡಿದಳು. ಮಗಳು ನೆಲ ನೋಡುತ್ತಿದ್ದಳು.

"ಎಂಥಾ ಹೆಂಡ್ತಿ ನೋಡಿ" ಎಂದು ಯಾರೋ ಹೆಂಗಸು ಮೂಗು ಒರೆಸಿದಳು. ಬಸ್ ಡ್ರೈವರು ಅತ್ತೇಬಿಟ್ಟ: "ನಮ್ಮಕ್ಕ ಅಂದ್ರೆ ಅಪರಂಜಿ. ಗಂಡನ ಮೇಲೆ ಒಂದು ಮಾತು ಬರಬಾರದು ಅಂತ ತನ್ನ ತಲೆ ಮೇಲೆ ಹಾಕ್ಕೊಳ್ತಾರಲ್ರೀ!" ಒಬ್ಬೊಬ್ಬರೇ ಬಂದು ಅವಳ ಕೈ ಮುಟ್ಟಿದರು, ಭುಜ ತಟ್ಟಿದರು. ತಪ್ಪು ಒಪ್ಪಿಕೊಂಡವಳಿಗೆ ಹೊಗಳಿಕೆ ಸಿಕ್ಕಿತು. ತಪ್ಪು ಅವನ ಹೆಸರಿನಲ್ಲೇ ಉಳಿಯಿತು, ಈಗ ಮೊದಲಿಗಿಂತಲೂ ಗಟ್ಟಿಯಾಗಿ.

*

ಅವನನ್ನು ಒಳಗೆ ತಳ್ಳಿ ಕಬ್ಬಿಣದ ಬಾಗಿಲು ಇಳಿಸಿದರು. ಹೊರಗೆ ಬಂದು ನೋಡಿದರೆ ಚಿಮಣಿಯಲ್ಲಿ ಹೊಗೆಯೂ ಇರಲಿಲ್ಲ, ಅದರ ಮೇಲೆ ಗಾಳಿ ಸ್ವಲ್ಪ ನಡುಗುತ್ತಿತ್ತು, ಅಷ್ಟೆ. ಅವನ ತಾಯಿಯನ್ನು ಸುಟ್ಟ ದಿನ ಇಲ್ಲೇ ನಿಂತು, "ಅಮ್ಮನೂ ವಾಪಸ್ ಗಾಳಿಗೆ ಹೋದ್ಲು" ಎಂದಿದ್ದ. ಅವತ್ತು ಅವಳಿಗೆ ಸಿಟ್ಟು ಬಂದಿತ್ತು, ಇಂಥ ಹೊತ್ತಿನಲ್ಲೂ ಅದೇ ಲೆಕ್ಕವೇ ಎಂದು. ಈಗ ಹಾಗೆ ಹೇಳುವವರೂ ಇರಲಿಲ್ಲ.

ಪಾಚಿ ಸ್ಕೂಟರಿನ ಹತ್ತಿರ ನಿಂತಿದ್ದಳು. "ನಾನು ಹೋಗ್ತೀನಿ ಅತ್ತಿಗೆ. ಇವತ್ತೇ ಖಾಲಿ ಮಾಡ್ಬೇಕು. ಆಗಲೇ ನಾತ ಬರ್ತಿದೆ."

"ನಾನೂ ಬರ್ತೀನಿ."

ಮಗಳು ಬೇಡವೆಂದಳು, ಮನೆಗೆ ಜನ ಬರುತ್ತಾರೆಂದಳು, ಕೊನೆಗೆ ಗದರಿಸಿದಳು. ತಲೆ ಮೇಲೆ ತಲೆ ಬಿದ್ದರೂ ತಾಯಿ ನಿಲ್ಲುವವಳಂತೆ ಕಾಣದಿದ್ದಾಗ ಬಿಟ್ಟಳು. ಮೂವತ್ತೊಂದು ವರ್ಷದಲ್ಲಿ ಅವಳು ಆ ಕೋಣೆಯೊಳಗೆ ಕಾಲಿಟ್ಟವಳೇ ಅಲ್ಲ.

ಕೋಣೆಯಲ್ಲಿ ಚಳಿ ಇರಲಿಲ್ಲ. ಉದ್ದಕ್ಕೂ ಕಬ್ಬಿಣದ ಕಪಾಟುಗಳು. ಅವುಗಳ ಮೇಲೆ ಪ್ಲಾಸ್ಟಿಕ್ ಕೊಳವೆಗಳು, ಕೆಲವು ಸೋರಿ ಚಪ್ಪಟೆಯಾಗಿ, ಕೆಲವು ನೀರು ತುಂಬಿ ಊದಿಕೊಂಡು. ನೆಲದಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು. ಕಡಲಿನ ವಾಸನೆಯೂ ಕೊಳೆತ ವಾಸನೆಯೂ ಒಟ್ಟಿಗೆ ಮೂಗಿಗೆ ಬಂದವು. ಪ್ರತಿ ಕೊಳವೆಗೂ ಅವನ ಕೋಳಿಕಾಲಿನ ಅಕ್ಷರದ ಚೀಟಿ.

"ಮತ್ತೆ ಗಟ್ಟಿ ಮಾಡಿದ್ರೆ?" ಎಂದು ಕೇಳಿದಳು.

"ಐಸ್ ಆಗುತ್ತೆ. ಇದಾಗಲ್ಲ." ಪಾಚಿ ಒಂದು ಕೊಳವೆ ಎತ್ತಿ ಬೆಳಕಿಗೆ ಹಿಡಿದಳು. "ಎಲ್ಲ ಕದಡಿಹೋಗಿದೆ, ಕೊಳೀತಿದೆ. ಯಾವುದು ಎಲ್ಲಿತ್ತು, ಎಷ್ಟಿತ್ತು, ಏನೂ ಗೊತ್ತಾಗಲ್ಲ. ಅದರೊಳಗಿದ್ದ ಇಂಗಾಲ ಆಗಲೇ ಗಾಳಿಗೆ ಹೊರಟಿದೆ."

ಪಾಚಿ ದಾಖಲೆ ಪುಸ್ತಕ ಹಿಡಿದು ಸ್ಟೂಲಿನ ಮೇಲೆ ಕೂತಳು. ಅತ್ತಿಗೆ ನಲ್ಲಿಯ ತೊಟ್ಟಿಯ ಮುಂದೆ ನಿಂತಳು. ಚೀಟಿ ಓದಿ ಹೇಳುವುದು, ಪಾಚಿ ಪಟ್ಟಿಯಲ್ಲಿ ಅದನ್ನು ಹುಡುಕಿ ಗೆರೆ ಎಳೆಯುವುದು, ನೀರು ಸುರಿಯುವುದು. ಪಾಚಿಗೆ ಅವನ ಕೆಲವು ಅಕ್ಷರ ತಿಳಿಯುತ್ತಿರಲಿಲ್ಲ, ಇವಳಿಗೆ ಎಲ್ಲವೂ ತಿಳಿಯುತ್ತಿತ್ತು. ಇಪ್ಪತ್ತೋ ಮೂವತ್ತೋ ಆದ ಮೇಲೆ ಪಾಚಿ ಕೇಳಿದಳು.

"ಅತ್ತಿಗೆ, ನಿಜವಾಗ್ಲೂ ನೀವೇನಾ ಒತ್ತಿದ್ದು?"

"ನಾನೇ."

ಪಾಚಿ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. "ನಂಬಿದ್ರೆ ನಿಮ್ಮ ಮೇಲೆ ಸಿಟ್ಟು ಮಾಡ್ಕೋಬೇಕು. ನೀವು ಇಲ್ಲೇ ಎದುರಿಗೆ ನಿಂತಿದೀರಿ. ಅಣ್ಣನಾದ್ರೆ ಹೋಗಿಬಿಟ್ಟಿದಾರೆ." ತಲೆ ಎತ್ತಲಿಲ್ಲ. "ನನ್ನ ಕೈಲಾಗಲ್ಲ ಅತ್ತಿಗೆ. ಅವರೇ ಅಂತ ಇರ್ಲಿ."

"ಇರಬಾರದು ಕಣಮ್ಮ. ಬರಿ ಅದರಲ್ಲಿ, ನನ್ನ ಹೆಸರು ಬರಿ."

ಪುಟದ ತಲೆಯಲ್ಲಿ ಕಾರಣ ಎಂಬ ಜಾಗ ಖಾಲಿ ಇತ್ತು. ಪಾಚಿ ಬಹಳ ಹೊತ್ತು ಅದನ್ನೇ ನೋಡಿದಳು, ಆಮೇಲೆ ಬರೆದಳು. ಅತ್ತಿಗೆ ಒದ್ದೆ ಕೈಯನ್ನು ಬೆನ್ನ ಹಿಂದೆ ಹಿಡಿದು, ಬಗ್ಗಿ ಓದಿದಳು: ಮೊದಲನೆಯ ನಂಬರಿನವರು ಕರೆ ಸ್ವೀಕರಿಸಿದ್ದಾರೆ. ಬಂದಿಲ್ಲ.

"ಮುಂದಿನದು" ಎಂದಳು ಪಾಚಿ.

ಅವಳು ಕಪಾಟಿನಿಂದ ಇನ್ನೊಂದು ಕೊಳವೆ ತೆಗೆದು ಚೀಟಿ ಓದಿದಳು. ವರ್ಷ, ಜಾಗದ ನಂಬರು, ಆಳ. ಪಾಚಿ ಗೆರೆ ಎಳೆದಳು. ಬಾಯಿ ಬಿಚ್ಚಿ ಸುರಿದರೆ ನೀರೆಲ್ಲ ಹೋಯಿತು, ತಳದ ಮೂಲೆಯಲ್ಲಿ ಒಂದು ಚಿಟಿಕೆ ಕಂದು ಕೆಸರು ಅಂಟಿಕೊಂಡೇ ಉಳಿಯಿತು. ಕೊಡವಿದಳು, ಬರಲಿಲ್ಲ. ಬೆರಳು ಹಾಕಿ ಬಳಿದು ತೆಗೆದಳು. ಬೆರಳ ತುದಿಯಲ್ಲಿ ಅದು ಎಣ್ಣೆಯಂತೆ ಮೆತ್ತಗಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸುತ್ತ ನೋಡಿದಳು. ಪಾಚಿ ಪೆನ್ನು ಹಿಡಿದು ಕಾಯುತ್ತಿದ್ದಳು. ಅವಳು ನಲ್ಲಿ ತಿರುಗಿಸಿ, ಬೆರಳನ್ನು ನೀರಿನ ಕೆಳಗೆ ಹಿಡಿದಳು.